ಕೆಂಪಾದ ಗೆರೆ

ಯಂತ್ರದ ಗಾಜಿನಡಿಯಲ್ಲಿ ಹಿಮಾಲಯದ ದುರ್ಗಮ ಕಣಿವೆಯೊಂದರ ಹಳೆಯ ನಕಾಶೆ ಮಲಗಿತ್ತು. ಬೆಳಕು ಹರಿದಂತೆ ಗೆರೆಗಳು ಬಣ್ಣ ತಾಳಿದವು. ಲೇಖನಿ ಒತ್ತಿದ ಆಳವನ್ನೂ ಕೈಯ ನಡುಕವನ್ನೂ ಅಳೆದು ಯಂತ್ರ ತೀರ್ಪು ಕೊಡುತ್ತಿತ್ತು: ಬೆಟ್ಟವನ್ನು ಕಂಡು ಎಳೆದ ಗೆರೆ ಹಸಿರು, ನಕಲು ಹಳದಿ, ಬರೀ ಊಹೆ ಕೆಂಪು.

ಐಸಿರಿಯ ಹೊಟ್ಟೆ ಉರಿಯುತ್ತಿತ್ತು. ಮೂವತ್ತಾರು ವರ್ಷ ಭೂತಗನ್ನಡಿ ಹಿಡಿದು ಕಣ್ಣು ಸವೆಸಿ ಅವಳು ಕಲಿತ ನಕಾಶೆ ಪರೀಕ್ಷಿಸುವ ವಿದ್ಯೆಯನ್ನು ಸಹಪಾಠಿ ಚಿನ್ಮಯ ಕಟ್ಟಿದ ಈ ಡಬ್ಬಿ ಒಂದೇ ನಿಮಿಷದಲ್ಲಿ ಮಾಡಿ ಮುಗಿಸುತ್ತಿತ್ತು. ಕಾಲೇಜಿನಲ್ಲೂ ಅವನೇ ಮೊದಲು, ಈಗ ೨೦೬೨ರಲ್ಲೂ ಅವನೇ. ಒಮ್ಮೆಯಾದರೂ ಅವನ ಮುಖ ಸಣ್ಣದಾಗುವುದನ್ನು ನೋಡಬೇಕೆಂದು ಅವಳು ಇವತ್ತು ಬಂದಿದ್ದಳು.

ಗೆದ್ದಲು ತಿಂದು ನಾಶವಾಯಿತೆಂದು ಎಲ್ಲರೂ ಅಂದುಕೊಂಡಿದ್ದ ೧೯೩೪ರ ಮೂಲ ಹಾಳೆ ಸಿಕ್ಕಿದೆ ಎಂದು ಅವಳು ಹೇಳಿದ್ದು ಸುಳ್ಳು. ಗಾಜಿನಡಿ ಇದ್ದದ್ದು ಅವಳೇ ವಿದ್ಯಾರ್ಥಿನಿಯಾಗಿದ್ದಾಗ ಮಾಡಿದ ನಕಲು. ಮೂಲ ಹೋದಮೇಲೆ ಅಚ್ಚಾಗಿ ಎಲ್ಲರ ಕೈ ಸೇರಿದ್ದೂ ಅದೇ. ಮೂಲೆಯ ಬರಹದ ಮೇಲೆ ಹಳೆಯ ಕಾಗದದ ಪಟ್ಟಿ ಅಂಟಿಸಿದ್ದಳು. ಯಂತ್ರ ಹಸಿರು ತೋರಿಸಿದರೆ ಸಾಕು, ಅವನ ಮಾನ ಹರಾಜು.

ಹಾಳೆಯೆಲ್ಲ ಹಳದಿಯಾಯಿತು.

"ಇದು ನಕಲು ಕಣೇ," ಎಂದ ಚಿನ್ಮಯ, ಬೇಸರವಿಲ್ಲದೆ. "ನಿನಗೆ ಯಾರೋ ಟೋಪಿ ಹಾಕಿದ್ದಾರೆ. ಆದ್ರೆ ಇಲ್ನೋಡು."

ಹಿಮಸರೋವರದ ಉತ್ತರ ದಡದಲ್ಲಿ ಬೆರಳುದ್ದದ ಗೆರೆಯೊಂದು ಕೆಂಪಗೆ ಹೊಳೆಯುತ್ತಿತ್ತು.

ಐಸಿರಿಗೆ ಮರೆತೇಹೋಗಿದ್ದದ್ದು ನೆನಪಾಯಿತು. ಕಾಣದ ಜಾಗದಲ್ಲಿ ಗೆರೆಯನ್ನು ತುಂಡು ತುಂಡಾಗಿ ಬಿಡುವುದು ನೆಲ ಅಳೆಯುವ ಮೋಜಣಿದಾರರ ನೇಮ. ಆ ದಡದಲ್ಲಿ ಮೂಲ ನಕಾಶೆ ಬರೆದವನೂ ಹಾಗೇ ಬಿಟ್ಟಿದ್ದ. ನಕಲು ಮಾಡುವಾಗ ಪಕ್ಕದ ಮೇಜಿನಲ್ಲಿ ಚಿನ್ಮಯನ ಹಾಳೆ ಎಷ್ಟು ಚೊಕ್ಕವಾಗಿತ್ತೆಂದರೆ, ತನ್ನದೂ ಚೊಕ್ಕವಾಗಲೆಂದು ಅವಳು ತುಂಡುಗಳನ್ನು ಕೂಡಿಸಿಬಿಟ್ಟಿದ್ದಳು. ಆಗಲೂ ಹೊಟ್ಟೆಕಿಚ್ಚೇ.

ಊಹೆಯ ಆ ಗೆರೆ ಆಕಸ್ಮಿಕವಾಗಿ ಇಂದಿನ ದಡಕ್ಕೆ ಸರಿಹೊಂದುತ್ತಿತ್ತು. ಹಾಗಾಗಿ ನೂರಕ್ಕೂ ಹೆಚ್ಚು ವರ್ಷದಲ್ಲಿ ಸರೋವರ ಬೆಳೆದೇ ಇಲ್ಲ, ದಡ ಒಡೆದು ನೀರು ನುಗ್ಗುವ ಭಯವಿಲ್ಲ ಎಂದು ಎಲ್ಲರೂ ನಂಬಿದ್ದರು. ಅದನ್ನೇ ನಂಬಿ ಕೆಳಗಿನ ಊರಿನಲ್ಲಿ ನಲವತ್ತು ಮನೆಗಳು ನಿಂತಿದ್ದವು.

"ಯಾರ ಕೈಯೋ ಪಾಪ," ಎಂದ ಚಿನ್ಮಯ.

ಯಂತ್ರಕ್ಕೆ ಹೆಸರು ಹೇಳಲು ಬರುತ್ತಿರಲಿಲ್ಲ. ಸುಮ್ಮನಿದ್ದರೆ ತಪ್ಪು ಎಂದೋ ಸತ್ತ ಆ ಮೂಲ ಮೋಜಣಿದಾರನ ಮೇಲೆ ಹೋಗುತ್ತಿತ್ತು. ಚಿನ್ಮಯನ ಮುಂದೆ ಸೋಲುವುದು ಅವಳಿಗೆ ಈಗಲೂ ಸಾವಿನಷ್ಟೇ ಕಷ್ಟವಾಗಿತ್ತು.

"ನಂದೇ ಕೈ," ಎಂದಳು. "ಮೊದಲು ಆ ಊರಿಗೆ ಫೋನ್ ಮಾಡು. ಆ ದಡ ಯಾರೂ ಕಂಡದ್ದಲ್ಲ ಅಂತ ಹೇಳು."

ಅವನು ಫೋನ್ ಎತ್ತಿಕೊಂಡ. ಅವಳು ಮೂಲೆಯ ಪಟ್ಟಿಯನ್ನು ಉಗುರಿನಿಂದ ಕಿತ್ತಳು. ಅಡಿಯಲ್ಲಿ ದುಂಡಗಿನ, ಆತುರದ ಅಕ್ಷರಗಳಿದ್ದವು: ನಕಲು ಮಾಡಿದವರು ಐಸಿರಿ, ೨೦೨೬.