ಕಂಡಕ್ಟರ್‌ನ ಕಾರ್ಡ್

"ಕಂಡಕ್ಟರ್, ಕ್ಯಾಚ್!"

ಆಕರ್ಷ್ ಮೂರನೇ ಸಲ ಚೆಂಡು ಎಸೆದ. ಹಳದಿ ಚೆಂಡು ಮಣ್ಣಿನ ಅಂಗಳದಲ್ಲಿ ಪುಟಿಯುತ್ತಾ ಹೋಗಿ ನೀರಿನ ತೊಟ್ಟಿಗೆ ಬಡಿದು ನಿಂತಿತು.

ಕಂಡಕ್ಟರ್ ಏಳಲಿಲ್ಲ. ಹೊಂಗೆ ಮರದ ನೆರಳಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ಆ ಕಪ್ಪು ನಾಯಿ ಒಂದು ಕಿವಿಯನ್ನು ಮಾತ್ರ ಅಲ್ಲಾಡಿಸಿದ.

"ಅಪ್ಪಾ, ಇವನು ಸಕತ್ ಓಡ್ತಾನೆ ಅಂತ ಕಾರ್ಡಲ್ಲಿ ಇತ್ತಲ್ವಾ?"

ಆಕರ್ಷ್‌ನ ಅಪ್ಪ ವಿಜಯ್ ಕುಮಾರ್ ಮೊಬೈಲ್ ತೆಗೆದು ಮತ್ತೊಮ್ಮೆ ಓದಿದರು. "ಹೌದು ಕಣೋ. 'ವಯಸ್ಸು ನಾಲ್ಕು. ಚೆಂಡು ಎಸೆದರೆ ಮಿಂಚಿನಂತೆ ಓಡಿ ತರುತ್ತಾನೆ' ಅಂತಾನೇ ಬರೆದಿದ್ದಾರೆ."

ಅಡುಗೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹರಿಪ್ರಿಯಾ ಒಂದು ಹೆಜ್ಜೆ ಹಿಂದೆ ಸರಿದಳು. ಆ ಕಾರ್ಡ್ ಬರೆದವಳು ಅವಳೇ.

ಹುಣಸಮಾರನಹಳ್ಳಿಯ ಹತ್ತಿರದ ಆ ಜಾಗದಲ್ಲಿ ನಲವತ್ತು ನಾಯಿಗಳಿದ್ದವು. ಕೆಲವು ಬೀದಿಯಲ್ಲೇ ಬೆಳೆದು ಮುದಿಯಾದವು. ಕೆಲವು ಗಾಡಿಗೆ ಸಿಕ್ಕಿ ಏಟು ತಿಂದವು. ಅವನ್ನೆಲ್ಲ ನೋಡಿಕೊಳ್ಳುವವರು ಕಲಾವತಿ ಆಂಟಿ. ಪ್ರತಿ ಭಾನುವಾರ ಹರಿಪ್ರಿಯಾಳ ಅಮ್ಮ ವಂದನಾ ಯಲಹಂಕದಿಂದ ಬಂದು, ನಾಯಿಗಳ ಅನ್ನಕ್ಕೆ ಹಾಕಲು ಕುಂಬಳಕಾಯಿ, ಕ್ಯಾರೆಟ್ ಹೆಚ್ಚಿಕೊಡುತ್ತಿದ್ದರು. ಐದನೇ ಕ್ಲಾಸಿನ ಹರಿಪ್ರಿಯಾ ಬಟ್ಟಲು ತೊಳೆಯುತ್ತಿದ್ದಳು.

ಹೋದ ವಾರ ಕಲಾವತಿ ಆಂಟಿ ಅವಳಿಗೊಂದು ಹೊಸ ಕೆಲಸ ಕೊಟ್ಟಿದ್ದರು. ಮನೆ ಬೇಕಾಗಿರುವ ಪ್ರತಿ ನಾಯಿಗೂ ಒಂದೊಂದು ಕಾರ್ಡ್ ಬರೆಯಬೇಕು. ಹರಿಪ್ರಿಯಾ ಬಣ್ಣದ ಪೆನ್ನಿನಲ್ಲಿ ಗುಂಡಗೆ ಬರೆದಿದ್ದಳು. ಆ ಮುದ್ದು ಅಕ್ಷರಗಳನ್ನು ನೋಡಿ ಆಂಟಿ ಸರಿಯಾಗಿ ಓದದೆಯೇ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಿಬಿಟ್ಟಿದ್ದರು.

"ಏನಮ್ಮಾ, ಇದಕ್ಕೆ ಹುಷಾರಿಲ್ವಾ?" ವಿಜಯ್ ಕುಮಾರ್ ಹರಿಪ್ರಿಯಾಳನ್ನು ಕೇಳಿದರು.

"ಹೂಂ ಅಂಕಲ್. ಇವತ್ತು... ಸ್ವಲ್ಪ ಹೊಟ್ಟೆನೋವು."

ಹಾಗೆ ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಈಗ ಎರಡು ಸುಳ್ಳಾದವು.

"ಅಷ್ಟೇನಾ?" ಆಕರ್ಷ್‌ನ ಮುಖ ಅರಳಿತು. "ಹಂಗಾದ್ರೆ ನಾಳೆ ಸರಿಹೋಗ್ತಾನೆ. ಅಪ್ಪಾ, ಇವನನ್ನೇ ಕರ್ಕೊಂಡ್ ಹೋಗೋಣ! ದಿನಾ ಬೆಳಿಗ್ಗೆ ಗ್ರೌಂಡಲ್ಲಿ ರನ್ನಿಂಗ್ ಮಾಡಿಸ್ತೀನಿ."

ಅವನು ಕಂಡಕ್ಟರ್‌ನ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ ಮೆಲ್ಲಗೆ ಎಳೆದ. "ಬಾ ಮಗಾ, ಬಾ!"

ಕಂಡಕ್ಟರ್ ಅವನ ದನಿ ಬಂದ ಕಡೆ ಮುಖ ಎತ್ತಿದ. ಮುಂಗಾಲುಗಳನ್ನು ಊರಿ ಎದ್ದ. ಹಿಂಗಾಲುಗಳು ನಡುಗಿದವು, ಜಾರಿದವು. ಧೊಪ್ಪೆಂದು ಕೂತ. ಮತ್ತೆ ಏಳಲು ನೋಡಿದ. ಕರೆದವರ ಹತ್ತಿರ ಹೋಗಬೇಕು ಎಂದು ಅವನಿಗೂ ಆಸೆಯಿತ್ತು.

"ಎಳೀಬೇಡ!" ಹರಿಪ್ರಿಯಾ ಓಡಿಬಂದಳು. "ಅವನಿಗೆ ಹೊಟ್ಟೆನೋವಲ್ಲ. ಅವನಿಗೆ ಹನ್ನೆರಡು ವರ್ಷ. ಓಡೋಕಾಗಲ್ಲ. ಕಣ್ಣೂ ಸರಿಯಾಗಿ ಕಾಣ್ಸಲ್ಲ. ಕಾರ್ಡಲ್ಲಿ ನಾನೇ ಸುಳ್ಳು ಬರೆದೆ."

ಆಕರ್ಷ್ ತಟ್ಟನೆ ಹಗ್ಗ ಬಿಟ್ಟ. "ಸುಳ್ಳಾ? ನಾವು ಆರ್.ಟಿ. ನಗರದಿಂದ ಬಂದಿದ್ದೀವಿ! ರಾತ್ರಿ ನಂಗೆ ನಿದ್ದೇನೇ ಬಂದಿಲ್ಲ ಗೊತ್ತಾ?"

"ಸಾರಿ," ಅಂದಳು ಹರಿಪ್ರಿಯಾ. ಬಗ್ಗಿ ಕಂಡಕ್ಟರ್‌ನ ಹಗ್ಗ ಬಿಚ್ಚಿದಳು.

ಕಲಾವತಿ ಆಂಟಿ ಯಾವಾಗಲೋ ಬಂದು ಹಿಂದೆ ನಿಂತಿದ್ದರು. "ನಂದೂ ತಪ್ಪಿದೆ ಸರ್. ಓದ್ದೇನೇ ಹಾಕ್ಬಿಟ್ಟೆ," ಎಂದರು.

ವಿಜಯ್ ಕುಮಾರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆಕರ್ಷ್ ಕಿರುಚಿದ. "ಏಯ್! ನನ್ ಬಾಲು!"

ಅರ್ಧ ಕಿವಿಯ ಕಂದು ನಾಯಿಯೊಂದು ಹಳದಿ ಚೆಂಡನ್ನು ಕಚ್ಚಿಕೊಂಡು ಅಂಗಳದ ತುಂಬ ಓಡುತ್ತಿತ್ತು. ಆಕರ್ಷ್ ಅದರ ಹಿಂದೆ ಓಡಿದ. ಅದು ಅವನಿಂದ ಮೂರು ಸುತ್ತು ಹಾಕಿಸಿ, ಕೊನೆಗೆ ಅವನ ಕಾಲ ಬಳಿಯೇ ಚೆಂಡು ಇಟ್ಟು, ಮತ್ತೆ ಕಸಿದುಕೊಂಡು ಓಡಿತು.

"ಅವಳು ಜಿಲೇಬಿ. ಮೂರು ವರ್ಷ," ಕಲಾವತಿ ಆಂಟಿ ನಕ್ಕರು. "ಇದು ಮಾತ್ರ ನಿಜ ಸರ್."

ಮುಂದಿನ ಭಾನುವಾರ ಜಿಲೇಬಿಯನ್ನು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಗೇಟಿನ ಹತ್ತಿರ ಆಕರ್ಷ್ ತಿರುಗಿ ನೋಡಿದ. ಅವನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕೈ ಬೀಸಿದ.

ಹರಿಪ್ರಿಯಾ ಬೈಗುಳಕ್ಕೆ ಕಾದು ನಿಂತಳು. ಆಂಟಿ ಬೈಯಲಿಲ್ಲ. "ಯಾಕೆ ಪುಟ್ಟ ಹಂಗೆ ಬರೆದೆ?" ಎಂದು ಕೇಳಿದರು.

"ಎಲ್ಲರೂ ಮರಿ ಎಲ್ಲಿ, ಮರಿ ಎಲ್ಲಿ ಅಂತಾರೆ ಆಂಟಿ. ಇವನ ಹತ್ರ ಯಾರೂ ನಿಲ್ಲೋದೇ ಇಲ್ಲ. ವಯಸ್ಸಾಗಿದೆ, ಓಡಲ್ಲ, ಕಣ್ಣು ಕಾಣ್ಸಲ್ಲ ಅಂತ ಬರೆದ್ರೆ ಯಾರ್ ಬರ್ತಾರೆ?"

"ಇವನು ಅಷ್ಟೇನಾ?"

ಹರಿಪ್ರಿಯಾ ಕಂಡಕ್ಟರ್‌ನ ಕಡೆ ತಿರುಗಿ ನೋಡಿದಳು.

"ನೀನು ಇವನ ಹತ್ರ ಎಷ್ಟು ಹೊತ್ತು ಕೂತಿದ್ದೀಯ?"

ಅವಳು ಯೋಚಿಸಿದಳು. ಬಟ್ಟಲು ಇಡುತ್ತಿದ್ದಳು, ಹೋಗುತ್ತಿದ್ದಳು. ಬಟ್ಟಲು ತೆಗೆಯುತ್ತಿದ್ದಳು, ಹೋಗುತ್ತಿದ್ದಳು.

ಆಂಟಿ ಹೊಸ ಕಾರ್ಡ್ ಕೊಟ್ಟರು. "ಇವತ್ತು ಕೂತ್ಕೋ. ನಿಂಗೆ ಕಂಡಿದ್ದನ್ನ ಬರಿ."

ಹರಿಪ್ರಿಯಾ ಗೋಣಿಚೀಲದ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಕಂಡಕ್ಟರ್ ಉಸಿರಾಡುತ್ತಿದ್ದ, ಅಷ್ಟೇ.

ಆಮೇಲೆ ದೂರದ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನ ಎರಡೂ ಕಿವಿ ನೆಟ್ಟಗಾದವು. ಬಾಲ ನೆಲಕ್ಕೆ ಪಟ್ ಪಟ್ ಎಂದು ಬಡಿಯಿತು. ಇಲ್ಲಿಗೆ ಬರುವ ಮೊದಲು ಅವನು ಯಲಹಂಕದ ಒಂದು ಬಸ್‌ಸ್ಟಾಪಿನಲ್ಲಿದ್ದನಂತೆ. ಪ್ರತಿ ಬಸ್ಸಿನ ಬಾಗಿಲ ತನಕ ಹೋಗಿ ಜನರನ್ನು ಹತ್ತಿಸಿ ಬರುತ್ತಿದ್ದನಂತೆ. ಅದಕ್ಕೇ ಆ ಹೆಸರು.

ಅವಳು ಕಾರ್ಡಿನಲ್ಲಿ ಬರೆದಳು: ವಯಸ್ಸು ಹನ್ನೆರಡು. ಬಸ್ ಅಂದರೆ ತುಂಬ ಇಷ್ಟ.

ತಲೆಯ ಮೇಲೆ ವಿಮಾನವೊಂದು ತೀರ ತಗ್ಗಿನಲ್ಲಿ ಗುಡುಗುತ್ತಾ ಹೋಯಿತು. ನಾಯಿಗಳೆಲ್ಲ ಬೊಗಳಿದವು. ಕಂಡಕ್ಟರ್ ಸುಮ್ಮನಿದ್ದ. ನಿನ್ನೆಯಷ್ಟೇ ಬಂದಿದ್ದ ಪುಟ್ಟ ಬಿಳಿ ನಾಯಿ ಬೆಂಚಿನ ಕೆಳಗಿಂದ ನಡುಗುತ್ತಾ ಬಂದು ಅವನ ಹೊಟ್ಟೆಗೆ ಒತ್ತಿಕೊಂಡಿತು. ಕಂಡಕ್ಟರ್ ಕಷ್ಟಪಟ್ಟು ಹಿಂದೆ ಸರಿದು ಅದಕ್ಕೆ ಜಾಗ ಮಾಡಿಕೊಟ್ಟ. ನಿಧಾನವಾಗಿ ಅದರ ನಡುಕ ನಿಂತಿತು.

ಹರಿಪ್ರಿಯಾ ಪೆನ್ನು ನಿಲ್ಲಿಸಿ ನೋಡಿದಳು. ಹೋದ ಭಾನುವಾರವೂ ವಿಮಾನ ಹೋಗಿರಬೇಕು. ಆಗಲೂ ಯಾರೋ ಹೆದರಿಕೊಂಡು ಇವನ ಹತ್ತಿರ ಬಂದಿರಬಹುದು.

ಅವಳು ಬರೆಯತೊಡಗಿದಳು. ಈ ಸಲ ಗುಂಡಗೆ ಬರೆಯುವುದು ನೆನಪಾಗಲಿಲ್ಲ. ನಡುವೆ ಕಂಡಕ್ಟರ್ ಅವಳ ಪಾದವನ್ನು ಮೂಸಿ, ಅದರ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದ. ಗದ್ದ ಬಿಸಿಯಾಗಿತ್ತು, ಭಾರವಾಗಿತ್ತು. ಅದನ್ನೂ ಬರೆದಳು.

"ಹರೀ, ಬಾರೇ, ಹೊತ್ತಾಯ್ತು," ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಬರೆದು ಮುಗೀತಾ?"

"ಶ್!" ಹರಿಪ್ರಿಯಾ ಕಾಲು ಅಲುಗಿಸದೆ ತಲೆ ಮಾತ್ರ ಎತ್ತಿದಳು. ಕಾರ್ಡಿನ ಎರಡೂ ಬದಿ ತುಂಬಿಹೋಗಿತ್ತು.

"ಆಂಟಿ ಹತ್ರ ಇನ್ನೊಂದು ಕಾರ್ಡ್ ಇಸ್ಕೊಂಡ್ ಬರ್ತೀಯಾ ಅಮ್ಮಾ?" ಪಿಸುಮಾತಿನಲ್ಲಿ ಕೇಳಿದಳು. "ಜಾಗ ಸಾಲ್ತಾ ಇಲ್ಲ."