ಐದನೇ ಎಲೆ

ಆಟಿ ತಿಂಗಳ ಭಾನುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಕೋಡಿಂಬಾಳದಲ್ಲಿ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ಮಹಾಲಿಂಗ ಗೌಡರ ರಬ್ಬರ್ ತೋಟದ ಅಂಚಿನಿಂದ ಮನುಷ್ಯನ ತಲೆಬುರುಡೆಯೊಂದನ್ನು ಎತ್ತಿ ಹಾಕಿತು.

ಎರಡು ಗಂಟೆಗೆ ಪುತ್ತೂರಿನಿಂದ ಡಾ. ವಾರಿಜಾಕ್ಷಿ ಬಂದರು. ಮೂವತ್ತು ವರ್ಷ ಎಲುಬುಶಾಸ್ತ್ರ ಕಲಿಸಿ ನಿವೃತ್ತರಾದವರು. ಚೀಲ ಹೊತ್ತು ಜತೆಗೆ ಬಂದವಳು ಅವರ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ದೀಪಶ್ರೀ.

"ಹಳೇ ಕಾಲದ ಗೋರಿ ಮಾರಾಯ್ರೆ," ಎಂದರು ಮಹಾಲಿಂಗ. "ನೂರಾರು ವರ್ಷದ್ದು."

ವಾರಿಜಾಕ್ಷಿ ಕುಂಚದಿಂದ ಮಣ್ಣು ಸರಿಸಿದರು. ಗಂಡಸು, ನಲವತ್ತರ ಆಸುಪಾಸು. ಎಡ ಮುಂಗೈ ಎಲುಬು ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿತ್ತು. ತಲೆಯ ಹಿಂದಿನ ಬಿರುಕು ಕೂಡಿರಲೇ ಇಲ್ಲ. ಪಕ್ಕೆಲುಬಿನ ಅಡಿಯಲ್ಲಿ ರಬ್ಬರ್ ಸಸಿಯ ಕಪ್ಪು ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿಕೊಂಡಿತ್ತು.

"ಈ ಸಾಲು ನೆಟ್ಟದ್ದು ಯಾವಾಗ?"

"ಹನ್ನೊಂದು ವರ್ಷ ಆಯ್ತು."

"ಇವರ ತಮ್ಮ ಕುಕ್ಕಪ್ಪ ಕಾಣೆಯಾದದ್ದೂ ಆಗಲೇ," ಎಂದರು ಮಹಜರಿಗೆ ಬಂದಿದ್ದ ಎಸ್‌ಐ ಫೌಝಿಯಾ.

"ಅವ ಸತ್ತಿಲ್ಲ. ಕಣ್ಣೂರಲ್ಲಿ ಇನ್ನೊಬ್ಬಳ ಜತೆ ಇದ್ದಾನೆ. ಹೋದ ತಿಂಗಳೂ ಫೋನು ಮಾಡಿದ್ದ."

ನೀರು ಕುಡಿಯಲು ಮನೆಗೆ ಹೋದಾಗ ದೀಪಶ್ರೀ ಒಳಕೋಣೆ ಕಂಡಳು. ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಂದು ಬಡಿಸುವ ಬಾಳೆ ಎಲೆಗಳು ಸಾಲಾಗಿದ್ದವು. ಎಲುಬು ಎಣಿಸುವ ಅಭ್ಯಾಸದಿಂದ ಅವನ್ನೂ ಎಣಿಸಿದಳು. ಐದು. ನಾಲ್ಕು ಎಲೆಗೆ ಬೂತಾಯಿ ಮೀನಿನ ಸಾರು ಬಡಿಸಲಾಗಿತ್ತು, ಕೊನೆಯದಕ್ಕೆ ಬರೀ ಪಲ್ಯ.

"ಯಾರ‍್ಯಾರಿಗೆ ಇದು?"

"ಅಜ್ಜ, ಅಜ್ಜಿ, ಅಪ್ಪ, ಅವ್ವ. ಬೆಳಿಗ್ಗೆ ಹತ್ತಕ್ಕೆ ನಾನೇ ಬಡಿಸಿದ್ದು," ಎಂದು ಮಹಾಲಿಂಗ ಬಾಗಿಲು ಎಳೆದುಕೊಂಡರು.

ಸಂಜೆ ಐದಕ್ಕೆ ಅರಂತೋಡಿನ ತವರಿನಿಂದ ಕುಕ್ಕಪ್ಪನ ಹೆಂಡತಿ ತಿಮ್ಮಕ್ಕ ಬಂದಳು. ಗಂಡನೇ ಬಿಟ್ಟು ಹೋದವಳು ಎಂಬ ಕುಹಕ ಕೇಳುತ್ತ ಹನ್ನೊಂದು ವರ್ಷ ಕಳೆದವಳು. ಎಲ್ಲರೂ ಜಗಲಿಯಲ್ಲಿ ಕುಳಿತರು. ಒಳಕೋಣೆಯ ಎಲೆಗಳ ವಿಷಯವನ್ನು ದೀಪಶ್ರೀ ಆಗಲೇ ವಾರಿಜಾಕ್ಷಿಯವರ ಕಿವಿಗೆ ಹಾಕಿದ್ದಳು.

"ನಿಮ್ಮ ಗಂಡನ ಎಡಗೈ ಹೇಗಿತ್ತು?" ವಾರಿಜಾಕ್ಷಿ ಕೇಳಿದರು.

"ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಮುರಿದಿತ್ತು. ಸೊಟ್ಟ ಆಗಿಯೇ ಉಳಿಯಿತು."

"ಅವರು ಬೂತಾಯಿ ತಿನ್ನುದುಂಟಾ?"

"ಮೇಡಂ, ಮೀನಿನ ಸುದ್ದಿ ಈಗ ಎಂತಕ್ಕೆ?" ಎಂದರು ಫೌಝಿಯಾ.

"ಇಲ್ಲ," ಎಂದಳು ತಿಮ್ಮಕ್ಕ. "ತಿಂದ್ರೆ ಮೈಯೆಲ್ಲ ತುರಿಕೆ ಅವರಿಗೆ."

ವಾರಿಜಾಕ್ಷಿ ಮಹಾಲಿಂಗರತ್ತ ತಿರುಗಿದರು. "ತೊಟ್ಟೆಯ ಮೇಲೆ ಎಲುಬು ಇದ್ದದ್ದರಿಂದ ಅದು ಹಳೇ ಗೋರಿಯಲ್ಲ, ಸಸಿ ನೆಟ್ಟಾಗಲೇ ಹೂತದ್ದು. ಕೈ ಯಾರದೆಂದು ತಿಮ್ಮಕ್ಕ ಹೇಳಿದರು. ಗುಂಡಿ ತೋಡಿದ ಆಳುಗಳಲ್ಲಿ ಯಾರಾದರೂ ಹೊಡೆದಿರಬಹುದಿತ್ತು. ಆದರೆ ಬುರುಡೆ ಸಿಕ್ಕಿದ್ದು ಹನ್ನೊಂದು ಇಪ್ಪತ್ತಕ್ಕೆ. ನೀವು ಹತ್ತಕ್ಕೇ ನಾಲ್ವರ ಹೆಸರಿಗೆ ಐದು ಎಲೆ ಬಡಿಸಿದಿರಿ. ಬೂತಾಯಿ ಇಲ್ಲದ ಎಲೆ, ಬದುಕಿದ್ದಾನೆಂದು ನೀವು ಹೇಳುವವನಿಗೆ."

ಮಹಾಲಿಂಗ ಎದ್ದು ಹೋಗಿ ಒಳಕೋಣೆಯ ಬಾಗಿಲು ತೆರೆದರು.

"ಪಾಲು ಕೇಳಿದ. ಸಿಟ್ಟಲ್ಲಿ ಹಾರೆ ಬೀಸಿದೆ. ಆದ್ರೆ ಉಳಿದವ್ರು ಉಣ್ಣುವಾಗ ಅವನೊಬ್ಬನನ್ನು ಹಸಿವಲ್ಲಿ ಬಿಡ್ಲಿಕ್ಕೆ ಆಗ್ಲಿಲ್ಲ."

ತಿಮ್ಮಕ್ಕ ಅಳಲಿಲ್ಲ. "ನನ್ನನ್ನು ಬಿಟ್ಟು ಹೋಗ್ಲಿಲ್ಲ ಅಲ್ವಾ?" ಎಂದು ದೀಪಶ್ರೀಯನ್ನು ಕೇಳಿದಳು.

"ಇಲ್ಲ ಅಕ್ಕ. ಇಲ್ಲೇ ಇದ್ದರು."

ಡಿಎನ್‌ಎ ವರದಿ ಬರಲು ನಾಲ್ಕು ತಿಂಗಳಾಯಿತು. ಎಲುಬುಗಳನ್ನು ಪಡೆಯುವಾಗ ರಸೀದಿಯಲ್ಲಿ 'ಸಂಬಂಧ' ಎಂದಿದ್ದ ಕಡೆ ತಿಮ್ಮಕ್ಕ 'ಹೆಂಡತಿ' ಎಂದು ಬರೆದು ಸಹಿ ಹಾಕಿದಳು.