ಐಡಲ್ ಸ್ಕ್ರೂ, ಅರ್ಧ ಸುತ್ತು

ಟೈರ್ ಲಿವರ್ ನನ್ನ ಕತ್ತಿನ ಮೇಲಿತ್ತು.

ತಣ್ಣಗೆ! ಅದೂ ನನ್ನದೇ ಗ್ಯಾರೇಜಿನಲ್ಲಿ ಟೈರ್ ಕಳಚುವ ಕಬ್ಬಿಣ!

"ಲೇ ಅನುಷಾ... ಕೊನೇ ಸಲ ಕೇಳ್ತಾ ಇದೀನಿ. ಸೌಂಡ್ ಎಲ್ಲಿ?"

"ಕಲ್ಲೇಶಣ್ಣ, ಎಂಜಿನ್ ಸರಿಯಾಗೈತೆ. ಅದಕ್ಕೇ ಆ ಸೌಂಡ್ ಇಲ್ಲ."

"ಸರಿಯಾಗಿರೋ ಎಂಜಿನ್ ಯಾರಿಗ್ ಬೇಕಮ್ಮಾ!"

ಕೇಳಿದಿರಾ? ಮೂರು ದಿನ ಬಾನೆಟ್ಟಿನೊಳಗೆ ತಲೆ ಹಾಕಿ ಬೆನ್ನು ಮುರಿದುಕೊಂಡವಳಿಗೆ ಸಿಕ್ಕ ಬಹುಮಾನ ಇದು.

ಹಿರಿಯೂರಿನಲ್ಲಿ ಕೆಟ್ಟ ಗಾಡಿ, ಕೆಟ್ಟ ಜನ, ಎರಡನ್ನೂ ರಿಪೇರಿ ಮಾಡಿದವಳು ನಾನು. ಆದರೆ ಕಲ್ಲೇಶ ಬೇರೆಯೇ ಕೇಸು. ಹೊಡೆದಾಟ ಅವನ ಕಸುಬು. ರೀಲ್ಸ್ ಅವನ ಹುಚ್ಚು. ತನ್ನ ಹಳೇ ಎಸ್ಟೀಮ್ ಕಾರಿಗೆ ಎಲ್ಲಿಂದಲೋ ರೇಸಿಂಗ್ ಕ್ಯಾಮ್‌ಶಾಫ್ಟ್ ತರಿಸಿ ನನ್ನ ಕೈಲೇ ಹಾಕಿಸಿದ್ದ. ಎಂಜಿನ್ನಿನ ವಾಲ್ವ್‌ಗಳನ್ನು ತೆರೆಸಿ ಮುಚ್ಚಿಸುವ ಸರಳು ಅದು. ರೇಸಿಂಗ್ ಸರಳು ಹಾಕಿದರೆ ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತದೆ. ಓಡುವಾಗ ಚಿರತೆ! ನಿಂತಾಗ...?

ದಮ್ಮಿನ ರೋಗಿ. ಡುಗ್... ಡುಗುಡುಗ್... ಡುಗ್... ಆಫ್!

ವಾಲ್ವ್ ಸಂದು ನೋಡಿದೆ. ಟೈಮಿಂಗ್ ಸರಿಮಾಡಿದೆ. ಕಾರ್ಬುರೇಟರಿನ ಮಿಕ್ಸ್ಚರ್ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು, ಮತ್ತೆ ತಿರುಗಿಸಿ, ಮತ್ತೆ ಆಫ್ ಆಗಿ, ಸ್ಪ್ಯಾನರ್ ಗೋಡೆಗೆ ಬೀಸಿ ಒಗೆದು, ಅದನ್ನೇ ಹುಡುಕಿ ತಂದು... ಕೊನೆಗೆ, ನಿಂತ ಗಾಡಿಯ ಎಂಜಿನ್ ಎಷ್ಟು ವೇಗದಲ್ಲಿ ತಿರುಗಬೇಕೆಂದು ಹಿಡಿದಿಡುವ ಐಡಲ್ ಸ್ಕ್ರೂ ಬಿಗಿದು ಸಾವಿರದ ಇನ್ನೂರು ಆರ್‌ಪಿಎಂಗೆ ನಿಲ್ಲಿಸಿದೆ. ಎಂಜಿನ್ ಉಸಿರು ಹಿಡಿಯಿತು.

ಕಲ್ಲೇಶನಿಗೆ ಬೇಕಿದ್ದದ್ದು ಆ ದಮ್ಮಿನ ಸದ್ದೇ!

"ಡುಗ್ ಡುಗ್ ಅನ್ಬೇಕು. ಎಂಟ್ನೂರಕ್ಕೆ ಇಳ್ಸು."

"ಎಂಟ್ನೂರಕ್ಕೆ ನಿಲ್ಲಲ್ಲ ಅಣ್ಣ. ಎಲ್ಲಂದ್ರಲ್ಲಿ ಆಫ್ ಆಗುತ್ತೆ. ಎಂಜಿನ್ ಓಡ್ತಾ ಗಾಳಿ ಎಳೆದ್ರೇನೇ ಬ್ರೇಕ್ ಹಗುರ. ಇಲ್ಲಾಂದ್ರೆ ಎರಡು ಸಲ ತುಳಿಯೋದ್ರಾಗೆ ಪೆಡಲ್ ಕಲ್ಲಾಗುತ್ತೆ."

"ನಂಗೇ ಪಾಠ ಹೇಳ್ತೀಯಾ?"

ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡ. ಐಡಲ್ ಸ್ಕ್ರೂ ಸಡಿಲಿಸಿದ. ಅರ್ಧ ಸುತ್ತು!

ಡುಗ್... ಡುಗುಡುಗ್... ಡುಗ್...

"ಇದಪ್ಪಾ ಸೌಂಡು! ಕರಿಯಣ್ಣ, ನಡಿ ಹೋಗಾಣ!"

ಸ್ಟೇರಿಂಗ್ ಹಿಡಿದಿದ್ದ ಕರಿಯಣ್ಣ ಯಾರು ಗೊತ್ತಾ? ಕಲ್ಲೇಶನ ಡ್ರೈವರ್.

ನನ್ನ ಅಪ್ಪ!

"ಅಪ್ಪಾ, ಇಳಿ! ಈ ಗಾಡಿ ಬ್ಯಾಡ!"

"ಮಾರಿಕಣಿವೆ ತನಕ ಹೋಗ್ ಬರೋದು ಕಣಮ್ಮ. ಡ್ಯಾಮ್ ಹತ್ರ ವಿಡಿಯೋ ತಗೀತಾರಂತೆ. ಮುದ್ದೆ ಮಾಡಿಟ್ಟಿರು, ಬಂದೆ."

ಕಲ್ಲೇಶ ನನ್ನ ಫೋನ್ ಕಿತ್ತು ತನ್ನ ಕಡೆಯ ಬಸವೇಶನ ಕೈಗೆ ಎಸೆದ.

"ಪೊಲೀಸು ಗಿಲೀಸು ಅಂದಾಳು. ನಾವ್ ಬರೋವರ್ಗೂ ಇವ್ಳನ್ನ ನೋಡ್ಕ."

ಕಾರು ಹೋಯಿತು.

ಬಸವೇಶ ಬಾಗಿಲಿಗೆ ಅಡ್ಡ ನಿಂತ. ಅವನೇ ಒಂದು ಬಾಗಿಲು! ಕಡಲೆಕಾಯಿ ಸುಲಿಯುತ್ತ ನನಗೇ ಸಮಾಧಾನ ಹೇಳಿದ.

"ಹೆದರ್ಬ್ಯಾಡಮ್ಮ. ಕರಿಯಣ್ಣ ಬಲು ಉಳಿತಾಯದ ಮನ್ಷ. ಇಳಿಜಾರು ಕಂಡ್ರೆ ಸಾಕು... ನ್ಯೂಟ್ರಲ್! ಗಾಡಿಗೆ ಪೆಟ್ರೋಲೇ ಕುಡ್ಸಲ್ಲ."

ನ್ಯೂಟ್ರಲ್! ಅಪ್ಪನ ನ್ಯೂಟ್ರಲ್ ಮರೆತೇ ಬಿಟ್ಟಿದ್ದೆ!

ಮೂವತ್ತು ವರ್ಷ ಲಾರಿ ಓಡಿಸಿ ಕಲಿತ ಚಟ. ಗೇರಿನಲ್ಲಿದ್ದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ? ಎಂಜಿನ್ ಆಫ್. ಬ್ರೇಕ್ ಇಲ್ಲ.

ಅಪ್ಪ ಇಲ್ಲ!

"ಬಸವೇಶಣ್ಣ, ಕಲ್ಲೇಶಣ್ಣಂಗೆ ಫೋನ್ ಹಾಕು. ಈಗ್ಲೇ!"

"ಶೂಟಿಂಗ್ ಮಧ್ಯ ಫೋನ್ ಬಂದ್ರೆ ನನ್ ಹಲ್ಲು ಉದುರಿಸ್ತಾನೆ."

"ಹಂಗಾರೆ ದಾರಿ ಬಿಡು."

"ಬಿಡಲ್ಲ. ಏನ್ ಮಾಡ್ಕಂತೀಯಾ?"

ಹಳೇ ಎಂಜಿನ್ ಆಯಿಲ್ ತುಂಬಿದ್ದ ಟಬ್ಬನ್ನು ಒದ್ದೆ!

ಬಸವೇಶನ ಕಾಲು ಮೇಲೆ... ತಲೆ ಕೆಳಗೆ! ಕಡಲೆಕಾಯಿ ಗ್ಯಾರೇಜ್ ತುಂಬ! ಅವನು ಏಳುವಷ್ಟರಲ್ಲಿ ನನ್ನ ಸ್ಪ್ಲೆಂಡರ್ ರಸ್ತೆಯಲ್ಲಿತ್ತು.

ಹೊಸದುರ್ಗದ ರೋಡು. ಎಂಬತ್ತು... ಎಂಬತ್ತೈದು... ಅದಕ್ಕಿಂತ ಮೇಲೆ ಹೋಗಲ್ಲ ಅನ್ನುತ್ತದೆ ಬೈಕು! ಮುಂದೆ ತೆಂಗಿನಕಾಯಿ ಟ್ರಾಕ್ಟರ್. ಹಾರ್ನ್ ಹೊಡೆದೆ. ಡ್ರೈವರ್ ಕಿವಿಯಲ್ಲಿ ಇಯರ್‌ಫೋನ್! ಮಣ್ಣಿಗಿಳಿದು ದಾಟಿದೆ. ಕಣ್ಣ ತುಂಬ ಧೂಳು. ಬಾಯ ತುಂಬ ಬೈಗುಳ. ಕಲ್ಲೇಶನಿಗೆ ಅರ್ಧ, ಅಪ್ಪನಿಗೆ ಅರ್ಧ.

ಗುಡ್ಡದ ತಿರುವಿನಲ್ಲಿ ಕೊನೆಗೂ ಕಂಡಿತು. ಬಿಳಿ ಎಸ್ಟೀಮ್! ಇಳಿಜಾರಿನಲ್ಲಿ ಹೋಗುತ್ತಿತ್ತು.

ಸದ್ದೇ ಇರಲಿಲ್ಲ.

ಪಕ್ಕಕ್ಕೆ ಬೈಕ್ ತಂದೆ. ಆಚೆ ಕಿಟಕಿಯಿಂದ ಅರ್ಧ ಹೊರಗೆ ಬಂದು ವಿಡಿಯೋ ತೆಗೆಯುತ್ತಿದ್ದ ಕಲ್ಲೇಶ ಕೂಗಿದ.

"ಏಯ್! ಫ್ರೇಮ್‌ನಾಗೆ ಬರ್ಬ್ಯಾಡ!"

ಅಪ್ಪನ ಮುಖ ನೋಡಿದೆ. ಸುಣ್ಣದ ಹಾಗೆ ಬೆಳ್ಳಗಿತ್ತು.

"ಅನೂ! ಬ್ರೇಕ್ ಕಲ್ಲಾಗೈತೆ ಕಣಮ್ಮ! ನಿಂತ್ಕಂಡ್ ತುಳೀತಿದೀನಿ!"

"ಗೇರ್ ಹಾಕಪ್ಪಾ! ಥರ್ಡ್ ಹಾಕು!"

"ಆಂ?"

"ಗೇರೂ!"

ಮುಂದೆ ರಸ್ತೆ ತುಂಬ ಕುರಿ. ನೂರಾದರೂ ಇರಬೇಕು. ನಡುವೆ ಕೋಲು ಹಿಡಿದ ಒಬ್ಬ ಅಜ್ಜಿ. ನಮ್ಮ ಕಡೆಗೆ ಬೆನ್ನು!

ಕಟರ್ರ್ರ್!

ಥರ್ಡ್ ಬಿತ್ತು. ಕಾರು ಮುಗ್ಗರಿಸಿತು. ಕಲ್ಲೇಶನ ಫೋನ್ ಗಾಳಿಯಲ್ಲಿ ಹಾರಿ ಕಳ್ಳಿಸಾಲಿಗೆ ಬಿತ್ತು. ಎಂಜಿನ್ ಕೆಮ್ಮಿತು... ಕೆಮ್ಮಿತು... ಗರ್ಜಿಸಿತು!

"ಈಗ ಸೆಕೆಂಡ್! ಹ್ಯಾಂಡ್‌ಬ್ರೇಕ್ ಎಳಿ! ನಿಧಾನಕ್ಕೆ!"

ನಿಂತಿತು.

ಒಂದು ಟಗರು ಬಂಪರ್ ಮೂಸಿ ನೋಡಿ, ಇಷ್ಟವಾಗದೆ ಮುಂದೆ ಹೋಯಿತು.

ಅಜ್ಜಿ ತಿರುಗಿ ಬಂದು ಬಾನೆಟ್ಟಿಗೆ ಕೋಲಿನಿಂದ ಒಂದು ಬಿಟ್ಟಳು.

"ಸದ್ದಿಲ್ದಂಗೆ ಬರ್ತೀರಲ್ಲೋ ಕಳ್ಳರ ಹಂಗೆ! ಹಾರ್ನ್ ಹೊಡ್ಯಾಕೆ ಏನ್ ರೋಗ?"

ಕಲ್ಲೇಶ ಬಾಗಿಲು ಹಿಡಿದುಕೊಂಡೇ ಇಳಿದ. ಇಳಿದ ಮೇಲೂ ಬಿಡಲಿಲ್ಲ. ಈಗ ದಮ್ಮಿನ ರೋಗಿ ಅವನೇ... ಡುಗ್... ಡುಗುಡುಗ್... ಡುಗ್...

ಅಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಅಳುತ್ತಾನೆ ಅಂದುಕೊಂಡೆ. ಅಪ್ಪಿಕೊಳ್ಳೋಣ ಅಂತ ಹತ್ತಿರ ಹೋದೆ.

"ಆದ್ರೂ ನೋಡು ಅನು... ಮೇಲಿಂದ ಇಲ್ಲಿಗಂಟ ಒಂದು ತೊಟ್ಟು ಪೆಟ್ರೋಲ್ ಸುಟ್ಟಿಲ್ಲ."

ದೇವರೇ! ಇವನಿಗೋಸ್ಕರ ನಾನು ಸಾಯಲು ಹೊರಟಿದ್ದೆ!

ಬಾನೆಟ್ ಎತ್ತಿದೆ. ಜೇಬಿನಲ್ಲಿದ್ದ ಇನ್ನೊಂದು ಸ್ಕ್ರೂಡ್ರೈವರ್ ತೆಗೆದು ಐಡಲ್ ಸ್ಕ್ರೂ ಬಿಗಿದೆ. ಅರ್ಧ ಸುತ್ತು. ಸಾವಿರದ ಇನ್ನೂರು. ಎಂಜಿನ್ ಉಸಿರು ಹಿಡಿಯಿತು.

"ಸೌಂಡು..." ಅಂದ ಕಲ್ಲೇಶ.

ನಾನು ತಿರುಗಿ ನೋಡಿದೆ.

"...ಬ್ಯಾಡ ಬಿಡಮ್ಮ."

ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಹಿರಿಯೂರಿಗೆ ಹೋಗುವ ಸರ್ಕಾರಿ ಬಸ್ ಬಂತು. ಕೈ ಅಡ್ಡ ಹಾಕಿದೆ.

"ಇಬ್ರೂ ಹತ್ರಿ."

"ನಾನಾ? ಬಸ್ಸಾ?"

"ನಡ್ಕಂಡ್ ಬರ್ತೀಯಾ ಅಣ್ಣ?"

ಹತ್ತಿದರು. ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿದ.

"ನೀವೂ ಬರ್ರಿ ಅಕ್ಕ, ಹೆಂಗಸ್ರಿಗೆ ಫ್ರೀ."

"ನಾನ್ ಬರಲ್ಲ. ಇವ್ರಿಬ್ರಿಗೂ ಫುಲ್ ಟಿಕೆಟ್ ಹರೀರಿ... ಒಂದು ಪೈಸೆನೂ ಉಳಿಸಾಕೆ ಬಿಡ್ಬ್ಯಾಡ್ರಿ!"